ಹೂ ಹಚ್ಚಿದ ಬೆರಳು

ಹೊಳೆಯ ದಂಡೆಯಲ್ಲೊಂದು ಸಣ್ಣ ಆಶ್ರಮ. ಅಲ್ಲಿ ಶಿವಗಂಗಮ್ಮ ಎಂಬ ಮುದಿ ಸನ್ಯಾಸಿನಿ ಇದ್ದರು. ಊರವರ ಬಾಯಲ್ಲಿ ಅವರು ಅವ್ವಾರು.

ಅವ್ವಾರಿಗೆ ಓದು ಬಹಳ ಇತ್ತು, ಕರುಣೆಯೂ ಇತ್ತು. ತಾಳ್ಮೆಯೊಂದನ್ನು ಕೊಡಲು ದೇವರು ಮರೆತಿದ್ದ. ಅದನ್ನು ಅವರೇ ಒಪ್ಪಿಕೊಳ್ಳುತ್ತಿದ್ದರು, ಅದೂ ಸಿಟ್ಟಿನಿಂದಲೇ.

ಅವರಿಗಿದ್ದವಳು ಒಬ್ಬಳೇ ಶಿಷ್ಯೆ, ದಾನೇಶ್ವರಿ. ಊರಿನ ಹುಡುಗಿ, ಕಾಲೇಜು ಮುಗಿಸಿದವಳು. ಬೆಳಿಗ್ಗೆ ಹೊಳೆದಂಡೆಗುಂಟ ಓಡಿ, ಬೆವರೊರೆಸಿಕೊಂಡು ಆಶ್ರಮಕ್ಕೆ ಬರುವಳು. ಕಸ ಗುಡಿಸಿ, ಗದ್ದುಗೆ ತೊಳೆದು, ಅವ್ವಾರ ಹತ್ತಿರ ಪಾಠ ಹೇಳಿಸಿಕೊಂಡು ಹೋಗುವಳು.

ಈಗ ಆಕೆ ಮಿಲಿಟರಿಗೆ ಆಯ್ಕೆಯಾಗಿದ್ದಳು. ಬರುವ ಸೋಮವಾರ ರೈಲು ಹತ್ತಬೇಕು. ಹತ್ತದಿದ್ದರೆ ಆ ಜಾಗ ಬೇರೆಯವರದು.

ಆ ಸುದ್ದಿ ಬಂದಾಗಿನಿಂದ ಅವ್ವಾರಿಗೆ ನೆಮ್ಮದಿ ಎಂಬುದಿಲ್ಲ.

"ಹೋಗ್ಲೋ ಬ್ಯಾಡೋ ಹೇಳ್ರಿ ಅವ್ವಾರ."

ಅವ್ವಾರು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಮೊನ್ನಿ ಹೇಳೀನಲ್ಲ."

"ಮೊನ್ನಿ ಬ್ಯಾಡ ಅಂದ್ರಿ."

"ಹೂಂ, ಅಂದೆ. ನೀ ಏನು ಮಾಡಿದಿ? ಹೊತ್ತು ಮುಳುಗೂತನಾ ನನ್ನ ಕೂಡ ವಾದ ಮಾಡಿದಿ. ಹೊಳಿ ಊರೊಳಗ ಬಂದಾಗ ಮಿಲಿಟರಿಯವರು ದೋಣಿ ತಂದಿದ್ರು, ನಮ್ಮ ಮುದುಕಿ ಆಯಿನ್ನ ಬೆನ್ನ ಮ್ಯಾಲ ಹೊತ್ಕೊಂಡು ಬಂದ್ರು, ಅವತ್ತ ನಾ ನಿಶ್ಚಯ ಮಾಡೇನಿ ಅಂದಿ. ಹೌದಲ್ಲ?"

"ಹೌದ್ರಿ."

"ಪೀಡಾ ಹೋಗ್ಲಿ ಅಂತ ಮರುದಿನ ಹೋಗು ಅಂದೆ. ಆವಾಗ?"

ದಾನೇಶ್ವರಿ ನೆಲ ನೋಡಿದಳು.

"ಆವಾಗ ಅತ್ತಿ. ಅವ್ವ ಒಬ್ಬಾಕೀನ ಆಗ್ತಾಳ ಅಂದಿ. ಬಂದೂಕು ಹಿಡಿಯೂದು ಪಾಪ ಅಲ್ಲೇನ್ರಿ ಅಂದಿ. ಬ್ಯಾಡ ಅಂದ್ರ ಹೋಗ್ತೀನಿ ಅಂತಿ, ಹೋಗು ಅಂದ್ರ ಅಳ್ತಿ. ನಾ ಏನು ಹೇಳಬೇಕು ಅನ್ನೂದನ್ನ ನೀನ ಹೇಳಿಬಿಡು. ಅದನ್ನ ಹೇಳಿ ಕೈ ತೊಳಕೋತೀನಿ."

"ನೀವು ಗುರುಗಳು. ನಿಮ್ಮನ್ನ ಕೇಳದ ಯಾರನ್ನ ಕೇಳ್ಲಿ?"

"ನಾ ಎಂದಾದ್ರೂ ಮಿಲಿಟರಿಗೆ ಹೋಗೇನೇನು?"

"ನಿಮಗ ಗೊತ್ತಿರಲಾರದ್ದು ಏನೈತ್ರಿ?"

ಇಂಥ ಮಾತಿಗೆ ಅವ್ವಾರ ಮೈ ಉರಿಯುತ್ತಿತ್ತು. ಮಗಳ ಮದುವೆ, ಮಗನ ಪರೀಕ್ಷೆ, ಬಾವಿ ತೋಡುವ ಜಾಗ, ಎಲ್ಲಕ್ಕೂ ಊರವರು ಬಂದು ಇದನ್ನೇ ಹೇಳುತ್ತಿದ್ದರು. ಈಗ ಕಲಿಸಿ ಬೆಳೆಸಿದ ಶಿಷ್ಯೆಯೂ ಅದನ್ನೇ ಹೇಳುತ್ತಿದ್ದಾಳೆ. ಇಷ್ಟು ವರ್ಷ ತಾವು ಕಲಿಸಿದ್ದಾದರೂ ಏನು ಎಂದು ಅವರಿಗೆ ಬೇಸರವಾಯಿತು.

ಸಿಟ್ಟಿನ ಕೆಳಗೆ ಇನ್ನೊಂದಿತ್ತು. ಅದನ್ನು ಅವರು ಯಾರ ಮುಂದೆಯೂ ಆಡಿರಲಿಲ್ಲ. ತಾವು ಕಣ್ಣು ಮುಚ್ಚಿದ ಮೇಲೆ ಇಲ್ಲಿ ದೀಪ ಹಚ್ಚುವವಳು ಇವಳೇ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದರು. ಇವಳು ಹೋಗಬಾರದು ಎಂದು ಅವರ ಜೀವ ಬಡಿದುಕೊಳ್ಳುತ್ತಿತ್ತು. ಸನ್ಯಾಸಿನಿಗೆ ಈ ಆಸೆ ಯಾಕೆ ಎಂದು ತಮ್ಮ ಮೇಲೂ ಸಿಟ್ಟು ಬರುತ್ತಿತ್ತು.

"ನನ್ನ ತಲಿ ತಿನ್ನಬ್ಯಾಡ," ಎಂದರು. "ಅಷ್ಟು ಬೇಕಾದ್ರ ಗದ್ದುಗಿಗೆ ಹೂ ಕೇಳು. ದಿನಾ ಊರಿಗೆಲ್ಲ ಹಚ್ಚಿ ಕೊಡ್ತಿ. ಇವತ್ತ ನಿನಗ ಹಚ್ಚಿಕೊ."

ಆಶ್ರಮದ ಹಿಂದಿನ ಗುರುಗಳ ಸಮಾಧಿಯೇ ಆ ಗದ್ದುಗೆ. ಕರಿಕಲ್ಲಿನದು. ಯಾವುದಾದರೂ ಮಾತಿಗೆ ಮನಸ್ಸು ಎರಡಾದರೆ ಊರವರು ಅದರ ಮುಂದೆ ಬಂದು ಕೂರುತ್ತಿದ್ದರು. ದಾನೇಶ್ವರಿ ಎರಡು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ, ಕಲ್ಲಿನ ಬಲಕ್ಕೊಂದು ಎಡಕ್ಕೊಂದು ಅಂಟಿಸುತ್ತಿದ್ದಳು. ಬಲಗಡೆಯದು ಮೊದಲು ಬಿದ್ದರೆ ಹೌದು. ಎಡಗಡೆಯದು ಬಿದ್ದರೆ ಬೇಡ. ಹಳೆಯ ಗುರುಗಳ ಕಾಲದಿಂದ ನಡೆದುಬಂದದ್ದು. ಅವ್ವಾರಿಗೆ ಇದರ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ನಿಲ್ಲಿಸಿದರೆ ಊರವರ ಜೊತೆ ಯಾರು ಹೆಣಗಬೇಕು ಎಂದು ಸುಮ್ಮನಿದ್ದರು.

ದಾನೇಶ್ವರಿ ಕೂತಲ್ಲೇ ಕೂತಿದ್ದಳು.

"ಏಳು. ಹೂ ಅಲ್ಲೇ ಬುಟ್ಟ್ಯಾಗ ಅದಾವ."

"ನೀವು ಹಚ್ಚಿ ಕೊಡ್ರಿ ಅವ್ವಾರ."

"ಯಾಕ? ನಿನ್ನ ಕೈಗೇನಾಗೇತಿ?"

"ನಾ ಹಚ್ಚಿದ್ರ ನನಗ ನಂಬಿಕಿ ಬರೂದಿಲ್ರಿ."

ಅವ್ವಾರ ಕೈಯಲ್ಲಿದ್ದ ಬತ್ತಿ ನಿಂತಿತು. ಮೊದಲ ಬಾರಿಗೆ ತಲೆ ಎತ್ತಿ ಹುಡುಗಿಯ ಮುಖ ನೋಡಿದರು.

"ಊರ ಮಂದಿಗೆ ಬರ್ತೈತಲ್ಲ?"

ದಾನೇಶ್ವರಿ ಹೂವಿನ ಬುಟ್ಟಿಯನ್ನು ದೂರ ಸರಿಸಿದಳು.

"ದಾನವ್ವ. ನಿನ್ನ ಕೇಳ್ತೇನಿ. ನೀ ಹಚ್ಚಿದ ಹೂವನ್ನ ಮಂದಿ ನಂಬಬಹುದು, ನೀ ಯಾಕ ನಂಬಬಾರದು?"

"ಹೂವು ಬೀಳೂದು ಹಚ್ಚಿದವರ ಕೈಯಾಗ ಇರ್ತೈತ್ರಿ."

"ಹಂಗಂದ್ರ?"

"ಹೆಬ್ಬೆರಳಿಲೆ ಗಟ್ಟಿ ಒತ್ತಿದ್ರ ಲಗೂನ ಬೀಳೂದಿಲ್ಲ. ಸಡಿಲ ಬಿಟ್ಟದ್ದು ಮೊದ್ಲ ಬೀಳ್ತೈತಿ."

"ಒತ್ತಿ ನೋಡಿದ್ಯಾ?"

"ಹೂಂ ರಿ."

"ಸುಮ್ಮನ ನೋಡಾಕೋ, ಇಲ್ಲಾ ಯಾರರ ಮುಂದ ಕುಂತಾಗೋ?"

ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಅದನ್ನು ಕಂಡು ಅವ್ವಾರಿಗೆ ಕನಿಕರ ಬರಲಿಲ್ಲ. ಅಳು ಬಂದಿತೆಂದರೆ ಮಾತು ನಿಜ ಎಂದು ತಿಳಿಯಿತು.

"ಎಲ್ಲಾರಿಗೂ ಅಲ್ರಿ," ಎಂದಳು ದಾನೇಶ್ವರಿ. "ಮಂದಿ ಏನರ ತಪ್ಪು ಮಾಡಾಕ ಹೊಂಟಾರ ಅನ್ನಿಸಿದಾಗಷ್ಟ. ಇದ್ದೊಂದು ಹೊಲ ಮಾರಿ ಮೋಟರ್ ಗಾಡಿ ತಗೊಳ್ಳಾಕ ಹೊಂಟವನಿಗೆ ಎಡಕ್ಕ ಬೀಳೂವಂಗ ಮಾಡಿದೆ. ಹೆರಿಗಿಗೆ ಸೊಸಿನ್ನ ತವರಿಗೆ ಕಳಸ್ಲ್ಯಾ ಬ್ಯಾಡಾ ಅಂದಾಕಿಗೆ ಬಲಕ್ಕ. ಒಳ್ಳೇದಕ್ಕ ಮಾಡೇನ್ರಿ."

"ಇನ್ನ?"

"ಅಂಬವ್ವನ ಮಗಳು ಸುನಂದಾಂದು."

ಸುನಂದಾ ದಾನೇಶ್ವರಿಯ ಓರಗೆಯವಳು, ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಆಕೆಗೆ ಗಂಡು ಬಂದಿತ್ತು. ತಾಯಿ ಅಂಬವ್ವ ಬಂದು ಹೂ ಕೇಳಿದ್ದಳು. ಎಡಗಡೆಯ ಹೂ ಬಿದ್ದಿತ್ತು. ಸಂಬಂಧ ಅಲ್ಲಿಗೇ ಮುರಿದಿತ್ತು. ಅವ್ವಾರಿಗೆ ಅದೆಲ್ಲ ನೆನಪಿತ್ತು. ಅಂದು ಅವರೂ ಗದ್ದುಗೆಯ ಮುಂದೆ ಜಪಮಾಲೆ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು.

"ಆಕಿ ಓದಾಕ ನನಗಿಂತ ಚುರುಕು ಇದ್ಲು ಅವ್ವಾರ. ಅಷ್ಟು ಲಗೂ ಮದುವಿ ಮಾಡಿ ಒಲಿ ಮುಂದ ಕುಂದ್ರಸ್ತಾರ ಅಂತ ಸಂಕಟಾತು. ಬಲಗಡಿದು ಗಟ್ಟಿ ಒತ್ತಿದೆ."

"ಆಮ್ಯಾಲ ಓದಿದ್ಲೇನು?"

"ಇಲ್ರಿ. ಹೊಲಿಗಿ ಮಷೀನು ತುಳೀತಾಳ."

"ಮದುವಿ ಬ್ಯಾಡ ಅಂತ ಆಕಿ ನಿನ್ನ ಮುಂದ ಅಂದಿದ್ಲೇನು?"

"ಇಲ್ರಿ."

"ನೀ ಆಕಿನ್ನ ಕೇಳಿದ್ಯೇನು?"

"ಇಲ್ರಿ."

ಅವ್ವಾರು ಹತ್ತಿಯನ್ನೆಲ್ಲ ಪಕ್ಕಕ್ಕೆ ಸರಿಸಿದರು. ಈ ಹುಡುಗಿ ಇಷ್ಟು ದಿನ ಗುರುವಿನ ಮರೆಯಲ್ಲಿ ಕೂತು ಊರಿಗೆ ಊರನ್ನೇ ಆಳಿದ್ದಳು. ಪಕ್ಕದಲ್ಲೇ ಕೂತು ತಾವು ಜಪ ಮಾಡಿದ್ದರು. ಯಾರ ಮೇಲೆ ಮೊದಲು ಸಿಟ್ಟು ಮಾಡಬೇಕು ಎಂದೇ ತಿಳಿಯಲಿಲ್ಲ.

"ದೇವರ ಮನಸ್ಸಿನ್ಯಾಗ ಇರದಿದ್ರ ನನ್ನ ಬೆರಳು ಒತ್ತತಿತ್ತೇನ್ರಿ?" ಎಂದಳು ದಾನೇಶ್ವರಿ, ಮೆಲ್ಲಗೆ.

ತಾಳ್ಮೆಯ ಕಟ್ಟೆ ಅಲ್ಲಿಗೆ ಒಡೆಯಿತು.

"ದೇವರನ್ನ ಮುಂದ ಮಾಡಬ್ಯಾಡ. ಒತ್ತೂವಾಗ ನೀನ. ಬೈಸಿಕೊಳ್ಳೂವಾಗ ದೇವರೇನು? ಈಗ ನಿನ್ನ ಪಾಳಿ ಬಂತು, ನನ್ನ ಮುಂದ ಮಾಡಾಕ ಬಂದಿ. ಹೋಗಿ ಕೆಟ್ರ ಅವ್ವಾರು ಹೋಗಂದ್ರು. ಉಳಿದು ಕೆಟ್ರ ಅವ್ವಾರು ಬ್ಯಾಡಂದ್ರು. ಇದನ್ನ ಹೌದಲ್ಲ ನೀ ನನ್ನ ಕಡಿಂದ ಕೇಳೂದು?"

ದಾನೇಶ್ವರಿ ಬಿಕ್ಕಿದಳು.

"ಅಳೂದು ಮನ್ಯಾಗ. ಮೊದ್ಲ ಸುನಂದಾನ ಬಾಗಲಕ ಹೋಗು. ಹೂವು ಬಿದ್ದದ್ದು ನನ್ನ ಬೆರಳಿಲೆ ಅಂತ ಹೇಳಿ ಬಾ. ಮಿಲಿಟರಿ ಮಾತು ಆಮ್ಯಾಲ."

"ಊರಾಗ ಗೊತ್ತಾದ್ರ ಆಶ್ರಮದ ಮರ್ಯಾದಿ?"

"ಆಶ್ರಮ ನಂದು. ಅದರ ಮರ್ಯಾದಿ ನಾ ನೋಡ್ಕೋತೀನಿ. ನೀ ನಿನ್ನ ಬೆರಳು ನೋಡ್ಕೊ."

ಮರುದಿನ ದಾನೇಶ್ವರಿ ಬರಲಿಲ್ಲ. ಅದರ ಮರುದಿನ ಬೆಳಿಗ್ಗೆಯೂ ಬರಲಿಲ್ಲ.

ಕಸ ಅವ್ವಾರೇ ಗುಡಿಸಿದರು. ಗದ್ದುಗೆ ತೊಳೆದು, ಹೂವುಗಳನ್ನೆಲ್ಲ ಅದರ ಮೇಲೆ ಏರಿಸಿಬಿಟ್ಟರು. ಒಂದನ್ನೂ ಅಂಟಿಸಲಿಲ್ಲ.

ಎಮ್ಮೆ ಮಾರಬೇಕೋ ಬೇಡವೋ ಎಂದು ಹೂ ಕೇಳಲು ಊರಿನವನೊಬ್ಬ ಬಂದು ಕೂತ.

"ಹೂ ಕೇಳೂದು ಬಂದಾಗೇತಿ," ಎಂದರು ಅವ್ವಾರು.

"ಯಾಕ್ರಿ? ನಾ ಎಮ್ಮಿಗೆ ಏನು ಮಾಡ್ಲಿ?"

"ಎಮ್ಮಿ ನಿಂದು. ಹಾಲು ಕುಡಿಯಾಂವ ನೀ. ಸಮಾಧಿ ಆದ ನಮ್ಮ ಗುರುಗಳಿಗೆ ಯಾಕ ಸಗಣಿ ಬಳಿಯಾಕ ಹಚ್ಚೀಯೋ?"

ಆತ ಗೊಣಗುತ್ತ ಎದ್ದುಹೋದ. ಅವ್ವಾರಿಗೆ ಬಹಳ ದಿನಗಳ ಮೇಲೆ ಸ್ವಲ್ಪ ಹಗುರಾಯಿತು. ಆದರೂ ಕಣ್ಣು ಮತ್ತೆ ಮತ್ತೆ ದಾರಿಯ ಕಡೆಗೇ ಹೋಗುತ್ತಿತ್ತು. ಹೇಳಲಾಗದೆ ಹುಡುಗಿ ಮನೆ ಹಿಡಿದಳೋ ಏನೋ ಎಂದು ಒಳಗೊಳಗೇ ಕುದಿಯುತ್ತಿದ್ದರು.

ಆ ಸಂಜೆ ದಾನೇಶ್ವರಿ ಬಂದಳು. ಮುಖ ಬಾಡಿತ್ತು. ಮೆಟ್ಟಿಲ ಮೇಲೆಯೇ ಕೂತಳು.

"ಹೋಗಿದ್ಯೇನು?"

"ನಿನ್ನೆ ಓಣಿತನಕ ಹೋಗಿ ತಿರುಗಿ ಬಂದೆ. ಇವತ್ತ ಹೋದೆ."

"ಅಂಬವ್ವ ಏನಂದ್ಲು?"

"ನಂಬಲಿಲ್ರಿ. ಗದ್ದುಗಿ ಹೂವಿನ ಮ್ಯಾಲ ಕೈ ಮಾಡೂವಷ್ಟು ದೊಡ್ಡಾಕಿ ಯಾವಾಗ ಆದಿ ಅಂದ್ಲು. ಮಿಲಿಟರಿಗೆ ಹೊಂಟೇನಂತ ಸೊಕ್ಕು ಬಂದೈತಿ ಅಂದ್ಲು. ಒಳಗ ಹೋಗಿಬಿಟ್ಲು."

"ಸುನಂದಾ?"

"ಮಷೀನಿನ ಮುಂದ ಕುಂತಿದ್ಲು. ಎಲ್ಲಾ ಕೇಳಿಸಿಕೊಂಡ್ಲು. ಅವ್ವ ಒಳಗ ಹೋದ ಮ್ಯಾಲ ಎದ್ದು ಬಾಗಲಕ ಬಂದ್ಲು. ಬಲಗಡಿದು ಗಟ್ಟಿ ಒತ್ತಿದ್ಯಾ ಅಂದ್ಲು."

"ನೀ ಏನಂದಿ?"

"ಹೌದು ಅಂದೆ."

"ಆಮ್ಯಾಲ?"

"ಆ ಹುಡುಗನ್ನ ಆಕೀನ ಆರಿಸಿದ್ಲಂತ್ರಿ. ಗಂಡು ಬಂದದ್ದಲ್ಲ, ಆಕೀನ ಕರಸಿದ್ದಂತ. ಇಬ್ಬರೂ ಕೂಡಿ ಓದೂದು ಅಂತ ಮಾತಾಗಿತ್ತಂತ. ಅವತ್ತ ಅವ್ವನ ಹಿಂದ ಬಂದು ಕಂಬದ ಮರಿಗೆ ನಿಂತಿದ್ಲಂತ, ಬಲಕ್ಕ ಬೀಳ್ಲಿ ಅಂತ ಬೇಡಿಕೋತ. ಆಂವಗ ಈಗ ಬ್ಯಾರೆ ಕಡೆ ಮದುವಿ ಆಗೇತಿ."

ದಾನೇಶ್ವರಿ ಮುಂಗೈಯಿಂದ ಕಣ್ಣೊರೆಸಿಕೊಂಡಳು.

"ಒಂದ ಮಾತು ನನ್ನ ಕೇಳಬೇಕಿತ್ತು ದಾನೂ ಅಂದ್ಲು. ಬಾಗಲಾ ಹಾಕಿಕೊಂಡ್ಲು."

ಆ ಮುಚ್ಚಿದ ಬಾಗಿಲನ್ನು ಅವ್ವಾರೂ ತೆರೆಯಲಾರರು.

"ನಾ ಮಿಲಿಟರಿಗೆ ಲಾಯಕ್ ಇಲ್ರಿ ಅವ್ವಾರ," ಎಂದಳು ದಾನೇಶ್ವರಿ. "ಎರಡು ಹೂವು ಕೈಯಾಗ ಕೊಟ್ರ ಇಷ್ಟು ಮಾಡೇನಿ. ಬಂದೂಕು ಕೊಟ್ರ ಏನು ಮಾಡೇನೋ. ನಾ ಹೋಗಬಾರದು. ಹೌದಲ್ರಿ?"

ಅವ್ವಾರು ಹಣೆ ಹಣೆ ಬಡಿದುಕೊಂಡರು.

"ಬಂದ್ಲಪ್ಪ ತಿರುಗಿ. ಹೌದಲ್ರಿ ಅಂತ. ಈಗ ಶಿಕ್ಷಾ ಅಂತ ಬ್ಯಾಡ ಅನ್ನಲೇನು ನಾ? ಶಿಕ್ಷಾ ಆತು, ಇನ್ನ ನನ್ನ ಪಾಪ ತೀರಿತು ಅಂತ ಮನ್ಯಾಗ ಆರಾಮ ಕುಂದ್ರತೀಯೇನು?"

ದಾನೇಶ್ವರಿ ಇಲ್ಲವೆಂದು ತಲೆಯಾಡಿಸಿದಳು.

"ಅದಿರಲಿ. ಗಟ್ಟಿ ಒತ್ತಿದ್ಯಾ ಅಂತ ಆಕಿ ಕೇಳಿದ್ಲಲ್ಲ. ಇಲ್ಲ ಅನ್ನಾಕ ಬರ್ತಿತ್ತಿಲ್ಲೋ?"

"ಬರ್ತಿತ್ರಿ. ಅವರವ್ವ ಹೆಂಗೂ ನಂಬಿರಲಿಲ್ಲ. ಅಲ್ಲಿಗೇ ಮುಗೀತಿತ್ತು."

"ಯಾಕ ಅನ್ನಲಿಲ್ಲ?"

ಹುಡುಗಿ ತನ್ನ ಕೈ ನೋಡಿಕೊಂಡಳು.

"ಬೆರಳು ನಂದ ಇತ್ತಲ್ರಿ."

ಅವ್ವಾರು ಥಟ್ಟನೆ ಮುಖ ತಿರುಗಿಸಿದರು. ಎದೆಯೊಳಗೆ ಏನೋ ಕರಗಿತು. ಅದು ಹುಡುಗಿಗೆ ಕಾಣುವುದು ಅವರಿಗೆ ಬೇಡವಾಗಿತ್ತು.

"ಹೊತ್ತು ಮುಳುಗೇತಿ, ದೀಪಕ್ಕ ಎಣ್ಣಿ ಹಾಕು," ಎಂದರು. "ಮಾತಿಲೆ ದೀಪ ಉರಿಯೂದಿಲ್ಲ."

ಆಮೇಲೆ ದಾನೇಶ್ವರಿ ದಿನವೂ ಬಂದಳು. ಕಸ ಗುಡಿಸಿದಳು, ಗದ್ದುಗೆ ತೊಳೆದಳು. ಹೋಗಲೋ ಬೇಡವೋ ಎಂದು ಕೇಳಲಿಲ್ಲ. ಕೇಳಿದಾಗ ಸಿಟ್ಟು ಮಾಡುತ್ತಿದ್ದ ಅವ್ವಾರಿಗೆ, ಈಗ ಯಾಕೆ ಕೇಳುತ್ತಿಲ್ಲ ಎಂದು ಸಿಟ್ಟು ಬಂತು. ಹೋಗಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂರುತ್ತಿತ್ತು. ಒಂದು ಸಲ ಅಂದರೆ ಸಾಕು, ಹುಡುಗಿ ಉಳಿದುಬಿಡುತ್ತಾಳೆ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ನುಂಗಿಕೊಂಡರು.

ಸೋಮವಾರ ಬೆಳಿಗ್ಗೆ ದಾನೇಶ್ವರಿ ಹೆಗಲಿಗೆ ಚೀಲ ಹಾಕಿಕೊಂಡು ಬಂದಳು. ದೂರದಲ್ಲಿ, ರಸ್ತೆಯ ಬದಿ, ಆಕೆಯ ತಾಯಿ ರೊಟ್ಟಿಯ ಗಂಟು ಹಿಡಿದು ಬೇರೆ ಕಡೆ ನೋಡುತ್ತ ನಿಂತಿದ್ದಳು.

"ಹೊಂಟೇನ್ರಿ ಅವ್ವಾರ."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ."

"ನಿಮ್ಮವ್ವ?"

"ನಾನ ಹೇಳೀನ್ರಿ. ಮಾತು ಬಿಟ್ಟಾಳ. ರೊಟ್ಟಿ ಮಾಡ್ಯಾಳ."

ಅವ್ವಾರು ಹೂಂಗುಟ್ಟಿದರು. ದಾನೇಶ್ವರಿ ಗದ್ದುಗೆಗೆ ನಮಸ್ಕಾರ ಮಾಡಿ ಬಂದು ಎದುರಿಗೆ ನಿಂತಳು.

"ನೀವೂ ಸುನಂದಾನ ಮನಿಗೆ ಹೋಗಿದ್ರಂತ."

"ಗದ್ದುಗಿ ನಂದು. ಅದರ ಮುಂದ ಕಣ್ಣು ಮುಚ್ಚಿ ಕುಂತಾಕಿ ನಾನು. ಹೋಗಬೇಕಿತ್ತು, ಹೋದೆ."

"ಏನಂದ್ಲು?"

"ನೀರು ಕೊಟ್ಲು. ಮಾತಾಡ್ಲಿಲ್ಲ."

ದಾನೇಶ್ವರಿ ಹೆಗಲ ಚೀಲ ಸರಿಪಡಿಸಿಕೊಂಡಳು.

"ಅಲ್ಲಿ ಮ್ಯಾಲಿನವರು ಹೇಳಿದ್ದ ಮಾಡಬೇಕಂತ್ರಿ," ಎಂದಳು ದಾನೇಶ್ವರಿ. "ಯಾಕ ಅಂತ ಕೇಳೂವಂಗಿಲ್ಲಂತ."

"ಮಾಡು."

"ಮಾಡಬಾರದ್ದು ಹೇಳಿದ್ರ?"

ಇನ್ನೂ ಮುಗಿದಿಲ್ಲವಲ್ಲ ಈ ಹುಡುಗಿಯ ಪ್ರಶ್ನೆ ಎಂದು ಅವ್ವಾರು ಉಸಿರು ಬಿಟ್ಟರು. ಆದರೆ ಈ ಸಲದ ಪ್ರಶ್ನೆ ಬೇರೆ ಎಂದು ಅವರಿಗೆ ತಿಳಿಯಿತು. ಹುಡುಗಿಯ ಬಲಗೈ ಹಿಡಿದು, ಹೆಬ್ಬೆರಳಿಗೆ ವಿಭೂತಿ ಹಚ್ಚಿದರು.

"ಬೆರಳು ಎತ್ತೂ ಮುಂಚೆ ಮನಸ್ಸಿನ್ಯಾಗ ಸುನಂದಾನ ಬಾಗಲಕ ಹೋಗಿ ನಿಲ್ಲು. ಇದನ್ನ ಮಾಡಿದಾಕಿ ನಾನ ಅಂತ ಅಲ್ಲಿ ಬಾಯಿ ಬಿಟ್ಟು ಹೇಳಾಕ ಬರೂವಂಗಿದ್ರ ಮಾಡು. ಬರದಿದ್ರ ಯಾರು ಹೇಳಿದ್ರೂ ಮಾಡಬ್ಯಾಡ."

"ಅದಕ್ಕ ಅವರು ಶಿಕ್ಷಾ ಕೊಟ್ರ?"

"ತಗೊ."

ದಾನೇಶ್ವರಿ ಬಗ್ಗಿ ಕಾಲು ಮುಟ್ಟಿದಳು. ಮೆಟ್ಟಿಲಿಳಿದಳು. ಅವ್ವಾರು ಕಂಬಕ್ಕೆ ಕೈ ಕೊಟ್ಟು ನಿಂತರು. ಅಷ್ಟು ದೂರ ಹೋದವಳು ತಿರುಗಿ ಬಂದಳು. ಈಗೇನು ಮರೆತಳೋ ಎಂದು ಅವ್ವಾರು ಹುಬ್ಬು ಗಂಟು ಹಾಕಿದರು.

"ಒಂದಿನ ಬ್ಯಾಡ ಅಂದ್ರಿ. ಮರುದಿನ ಹೋಗು ಅಂದ್ರಿ. ಎರಡೂ ನನ್ನ ಬಾಯಿ ಮುಚ್ಚಸಾಕ ಅಂದದ್ದು, ನನಗ ಗೊತ್ತೈತಿ. ಈಗಂತೂ ಹೊಂಟೇನಿ, ನೀವು ಹೇಳಿದ್ರೂ ನಿಲ್ಲೂದಿಲ್ಲ. ಖರೇನ ನಿಮ್ಮ ಮನಸ್ಸಿನ್ಯಾಗ ಏನಿತ್ತು ಹೇಳ್ರಿ."

ಅವ್ವಾರ ಕಣ್ಣು ಮಂಜಾಯಿತು. ದನಿಯಲ್ಲಿ ಮಾತ್ರ ಎಂದಿನ ಸಿಟ್ಟೇ ಇತ್ತು.

"ಅದನ್ನ ಕೇಳಾಕಾದ್ರೂ ತಿರುಗಿ ಬಾ."